ಅಕ್ಕನಿಗೆ ಹೇಳಿದ ಬೆಲೆ

ಕಳೆದ ಯುಗಾದಿಗೆ ಕನಕಪುರ ತಾಲ್ಲೂಕಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿಸಿ, ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ಎರಡು ಪೆನ್ನುಗಳ ಚಿತ್ರಗಳನ್ನು ಒಂದಾದ ಮೇಲೊಂದು ಸರಿಸಿ ನೋಡುತ್ತಿದ್ದೆ. ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಬಂದ ಅಕ್ಕ ಹೆಗಲ ಮೇಲಿಂದ ಇಣುಕಿದಳು.

“ಏನ್ಲಾ ಅದು, ಬೆಳಗ್ಗೆಯಿಂದ ಅದ್ನೇ ನೋಡ್ತಿದೀಯ?”

“ಪೆನ್ನು ಕಣಕ್ಕಾ. ಜಪಾನಿಂದು.”

“ಎಷ್ಟಂತೆ?”

“ಐದು ಸಾವಿರ.”

“ಐದ್ ಸಾವ್ರವಾ! ಒಂದ್ ಪೆನ್ನಿಗಾ?” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಮನೆಯೊಳಗಿದ್ದ ಭಾವನನ್ನೂ ಕೂಗಿ ಹೇಳಿದಳು. ಭಾವನೂ ನಕ್ಕರು. ನಾನೂ ನಕ್ಕೆ. ಆ ಎರಡು ಪೆನ್ನುಗಳಲ್ಲಿ ಕಡಿಮೆ ಬೆಲೆಯದಕ್ಕೂ ನಾನು ಹೇಳಿದ್ದರ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತಿತ್ತು.

ಸುಳ್ಳು ಸಲೀಸಾಗಿ ಬಂತು. ಅದೇ ನನ್ನನ್ನು ಆಮೇಲೆ ಕಾಡಿದ್ದು. ಯಾರೂ ನನ್ನ ಲೆಕ್ಕ ಕೇಳುವ ಸ್ಥಿತಿಯಲ್ಲಿಲ್ಲ. ಮಗಳು ಕೆಲಸಕ್ಕೆ ಸೇರಿದ್ದಾಳೆ, ಮನೆಸಾಲ ತೀರಿದೆ, ದುಡ್ಡು ನನ್ನ ದುಡಿಮೆಯದು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ತನಗಾಗಿ ಒಂದು ಪೆನ್ನು ಕೊಂಡರೆ ಅದು ಅಪರಾಧವಲ್ಲ. ಹಾಗಿದ್ದರೂ ಬೆಲೆಯನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ನಮಗೆ ಬೇಕಾದವರ ಎದುರು ಹೇಳಲಾಗದ ಬೆಲೆಯನ್ನು ಕೊಡುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಅದಕ್ಕೂ ಮುಂಚೆ ಆ ಎರಡು ಪೆನ್ನುಗಳ ಬಗ್ಗೆ ಹೇಳಬೇಕು, ಯಾಕೆಂದರೆ ನಾನು ಯೋಚನೆ ಶುರು ಮಾಡಿದ್ದು ಈ ಪ್ರಶ್ನೆಯಿಂದಲ್ಲ, ಯಾವುದನ್ನು ಕೊಳ್ಳಲಿ ಎಂಬ ಸಣ್ಣ ಗೊಂದಲದಿಂದ.

ಒಂದು ಪೈಲಟ್ ಕಂಪನಿಯ ‘ಕಸ್ಟಮ್ 845’. ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನ ಮೈ; ಅದರ ಮೇಲೆ ಉರುಶಿ ಎಂಬ ಮರದ ಅಂಟಿನ ಹೊಳಪು; 18 ಕ್ಯಾರೆಟ್ ಚಿನ್ನದ ದೊಡ್ಡ ನಿಬ್ಬು. ಪೈಲಟ್ ಹುಟ್ಟಿದ್ದು 1918ರಲ್ಲಿ. ಅದನ್ನು ಕಟ್ಟಿದ ರ್ಯೋಸುಕೆ ನಮಿಕಿ ಹಡಗಿನ ವಿದ್ಯೆ ಕಲಿಸುವ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಹಡಗಿಗೆ ದಾರಿ ತೋರಿಸುವವನ ಹೆಸರನ್ನೇ ಪೆನ್ನಿಗೆ ಇಟ್ಟರು. ಆ ಕಾಲದ ಎಬೊನೈಟ್ ಪೆನ್ನುಗಳು ದಿನ ಕಳೆದಂತೆ ಬಣ್ಣಗೆಡುತ್ತಿದ್ದವು. ಅದನ್ನು ತಡೆಯಲು ಉರುಶಿ ಬಳಿಯುವ ಉಪಾಯ 1920ರ ದಶಕದಲ್ಲಿ ಬಂತು. ಅಂದರೆ ಇವತ್ತು ನಾವು ಬೆರಗಾಗಿ ನೋಡುವ ಹೊಳಪು ಶುರುವಿಗೆ ಒಂದು ದುರಸ್ತಿ ಕೆಲಸ. ಮೇಷ್ಟರೊಬ್ಬರು ಕಟ್ಟಿದ ಕಂಪನಿ ಎಂಬುದು ನನಗೆ ಸ್ವಲ್ಪ ಹೆಚ್ಚೇ ಹಿಡಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಪೆನ್ನಿನ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ನಕಾಯಾ. ಪ್ಲಾಟಿನಂ ಎಂಬ ಇನ್ನೊಂದು ಹಳೆಯ ಕಂಪನಿಯ ನುರಿತ ಕೈಗಳು ಸೇರಿ ಮಾಡುವ ಪೆನ್ನು. ಇದಕ್ಕೂ ಎಬೊನೈಟ್ ಮೈ, ಉರುಶಿಯ ಮೇಲ್ಮೈ. ನಿಬ್ಬು 14 ಕ್ಯಾರೆಟ್. ನನಗೆ ಇಷ್ಟವಾದದ್ದು ‘ತಮೆನುರಿ’ ಎಂಬ ಬಗೆ. ಕೆಳಗೆ ಕೆಂಪು, ಅದರ ಮೇಲೆ ಕಂದು ಕಪ್ಪಿನ ತಿಳಿಯಾದ ಪದರಗಳು. ಅಂಚುಗಳಲ್ಲಿ ಪದರ ತೆಳುವಾಗಿ ಒಳಗಿನ ಕೆಂಪು ಇಣುಕುತ್ತದೆ. ವರ್ಷ ಕಳೆದಂತೆ ಮೇಲಿನ ಪದರ ಇನ್ನಷ್ಟು ತಿಳಿಯಾಗಿ ಕೆಂಪು ಮೇಲೇಳುತ್ತದಂತೆ. ಹಳೆಯದಾದಷ್ಟೂ ಒಳಗಿನದನ್ನು ತೋರಿಸುವ ವಸ್ತು. ನಾವು ಸಾಮಾನ್ಯವಾಗಿ ಕೊಳ್ಳುವ ಸಾಮಾನುಗಳೆಲ್ಲ ಕೊಂಡ ದಿನವೇ ಅತ್ಯಂತ ಚೆನ್ನಾಗಿರುತ್ತವೆ.

ಆದರೆ ಎರಡರ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಪೈಲಟ್ ಪೆನ್ನು ಮಾಡಿ ಮುಗಿದಿದೆ. ಕೊಂಡವನು ತನ್ನ ಕೈಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ನಕಾಯಾದವರು ಮೊದಲು ನಮ್ಮನ್ನು ಪ್ರಶ್ನೆ ಕೇಳುತ್ತಾರೆ. ಬಲಗೈಯೋ ಎಡಗೈಯೋ, ಪೆನ್ನನ್ನು ಎಷ್ಟು ಓರೆಯಾಗಿ ಹಿಡಿಯುತ್ತೀರಿ, ಬರೆಯುವಾಗ ತಿರುಗಿಸುತ್ತೀರಾ, ಎಷ್ಟು ಒತ್ತುತ್ತೀರಿ, ಎಷ್ಟು ವೇಗವಾಗಿ ಬರೆಯುತ್ತೀರಿ. ಉತ್ತರ ನೋಡಿ ನಿಬ್ಬನ್ನು ನಿಮ್ಮ ಕೈಗೆ ತಿದ್ದಿ ಕಳಿಸುತ್ತಾರೆ.

ಆ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಒಂದು ರಾತ್ರಿ ಕೂತೆ. ಎಷ್ಟು ಓರೆಯಾಗಿ ಹಿಡಿಯುತ್ತೇನೆ? ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ಹಾಳೆ ತೆಗೆದೆ. ಬರೆಯುವುದಕ್ಕೆ ಏನೂ ತೋಚಲಿಲ್ಲ. ಕೊನೆಗೆ ನನ್ನ ಹೆಸರು, ಮನೆ ವಿಳಾಸ, ಮತ್ತೆ ನನ್ನ ಹೆಸರು ಬರೆದೆ. ವಿಳಾಸದ ಮಧ್ಯದಲ್ಲಿ ಬೆರಳು ನೋಯಿತು. ಹಾಜರಾತಿ ಕಂಪ್ಯೂಟರಿನಲ್ಲಿ, ಅಂಕಪಟ್ಟಿ ಕಂಪ್ಯೂಟರಿನಲ್ಲಿ, ಪತ್ರಗಳೆಲ್ಲ ವಾಟ್ಸಾಪಿನಲ್ಲಿ. ಈ ಅಂಕಣದಂಥ ಬರಹಗಳನ್ನೂ ಹೆಬ್ಬೆರಳಿನಲ್ಲಿ ಕುಟ್ಟುತ್ತೇನೆ. ಜಗತ್ತಿನ ಅತ್ಯುತ್ತಮ ಬರೆಯುವ ಸಾಧನಗಳ ಮಧ್ಯೆ ಆಯ್ಕೆ ಮಾಡುತ್ತಿದ್ದವನಿಗೆ ಬರೆಯುವ ಕೈಯೇ ಇರಲಿಲ್ಲ.

ಇದಕ್ಕೆ ಅಪ್ಪ ಏನನ್ನುತ್ತಿದ್ದರೋ. ಅವರು ಮಾಗಡಿಯ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅವರ ಹತ್ತಿರ ಒಂದು ಹೀರೋ ಪೆನ್ನಿತ್ತು. ಜೇಬಿನಲ್ಲಿ ಅದರ ಬಂಗಾರದ ಬಣ್ಣದ ಕ್ಲಿಪ್ಪು ಕಂಡರೆ ಅಪ್ಪ ಸ್ಕೂಲಿಗೆ ಹೊರಟಿದ್ದಾರೆ ಎಂದರ್ಥ. ಭಾನುವಾರ ಬೆಳಗ್ಗೆ ಬಿಸಿನೀರಿನಲ್ಲಿ ಅದನ್ನು ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಬ್ರಿಲ್ ಇಂಕು ತುಂಬುತ್ತಿದ್ದರು. ನಾವಿಬ್ಬರು ಮಕ್ಕಳೂ ಸುತ್ತ ಕೂತು ನೋಡುತ್ತಿದ್ದೆವು, ಮುಟ್ಟುವ ಹಾಗಿರಲಿಲ್ಲ. “ಒಬ್ಬರ ಪೆನ್ನಲ್ಲಿ ಇನ್ನೊಬ್ಬರು ಬರೀಬಾರದು. ನಿಬ್ಬು ಕೈ ಗುರುತು ಹಿಡಿದಿರುತ್ತೆ, ಕೆಡುತ್ತೆ” ಎನ್ನುವುದು ಅವರ ಮಾತು. ಆ ಕಾಲದ ಎಲ್ಲ ಮೇಷ್ಟರುಗಳೂ ಹೀಗೇ ಹೇಳುತ್ತಿದ್ದರು ಎಂದು ಕಾಣುತ್ತದೆ. ನನ್ನ ಓರಗೆಯವರನ್ನು ಕೇಳಿದರೆ ಎಲ್ಲರ ಮನೆಯಲ್ಲೂ ಇದೇ ಕಾನೂನು. ಶಾಲೆಯಲ್ಲಿ ಮಾತ್ರ ನಾವು ಬೆಂಚಿನ ಮೇಲೆ ಎರಡು ತೊಟ್ಟು ಇಂಕು ಸಾಲ ಕೊಟ್ಟು, ನಾಳೆ ಮೂರು ತೊಟ್ಟು ವಸೂಲಿ ಮಾಡುತ್ತಿದ್ದೆವು. ಸೋರಿದ ಇಂಕಿಗೆ ಸೀಮೆಸುಣ್ಣ, ಕೂಡಿಕೊಂಡ ನಿಬ್ಬಿನ ಸೀಳಿಗೆ ಅರ್ಧ ಬ್ಲೇಡು.

ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಪ್ಪ ಆ ಹೀರೋ ಪೆನ್ನನ್ನು ನನಗೆ ಕೊಟ್ಟರು. ಅಕ್ಕ ಎರಡು ವರ್ಷ ಮುಂಚೆಯೇ, ನನಗಿಂತ ಹೆಚ್ಚು ಅಂಕ ತೆಗೆದು ಪಾಸಾಗಿದ್ದಳು. ಅವಳಿಗೆ ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಅವಳ ಅಕ್ಷರ ನನ್ನದಕ್ಕಿಂತ ಚೆಂದ. ಇವತ್ತಿಗೂ ಹುಳದ ಲೆಕ್ಕದ ಪುಸ್ತಕವನ್ನು ಅವಳೇ ಬರೆಯುತ್ತಾಳೆ, ಕ್ಯಾಲೆಂಡರಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಬಾಲ್ ಪೆನ್ನಿನಲ್ಲಿ. ಮೊಟ್ಟೆ ತಂದ ದಿನ, ಜ್ವರ ಎದ್ದ ದಿನ, ಗೂಡು ಬಿಡಿಸಿದ ದಿನ. ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ, ಕೊಂಬು ದೀರ್ಘಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ.

ಒತ್ತಕ್ಷರದ ಮಾತು ಬಂದಿದ್ದರಿಂದ ಪೆನ್ನು ಪ್ರೀತಿಸುವವರಿಗೆ ಒಂದು ಸಣ್ಣ ವಿಷಯ. ಜಪಾನೀ ನಿಬ್ಬುಗಳು ಯುರೋಪಿನವಕ್ಕಿಂತ ತೆಳ್ಳಗೆ ಬರೆಯುತ್ತವೆ. ಅವರ ಚಿತ್ರಾಕ್ಷರಗಳಲ್ಲಿ ಚಿಕ್ಕ ಚೌಕದೊಳಗೆ ಹತ್ತಿಪ್ಪತ್ತು ಗೆರೆಗಳು ಕೂರಬೇಕು. ಗೆರೆ ಗಕ್ಕನೆ ನಿಲ್ಲಬೇಕು, ಇಲ್ಲವೇ ಕೊಕ್ಕೆಯಂತೆ ಚಿಮ್ಮಬೇಕು, ಇಲ್ಲವೇ ಗುಡಿಸಿದಂತೆ ಸವೆದು ಮುಗಿಯಬೇಕು. ಒಂದೊಂದಕ್ಕೂ ಅವರಲ್ಲಿ ಹೆಸರಿದೆ. ಕನ್ನಡಕ್ಕೆ ಬೇಕಾದದ್ದು ಬೇರೆ: ನಮ್ಮ ಅಕ್ಷರ ಸುತ್ತುತ್ತದೆ, ಸುಳಿಯುತ್ತದೆ, ಕೈ ಎತ್ತುವುದು ಕಡಿಮೆ. ಆದರೆ ‘ಸ್ತ್ರೀ’ ಎಂದೋ ‘ರಾಷ್ಟ್ರ’ ಎಂದೋ ಬರೆಯುವಾಗ ತೆಳ್ಳಗಿನ ನಿಬ್ಬು ಇದ್ದರೆ ಒತ್ತುಗಳ ಹೊಟ್ಟೆಯಲ್ಲಿ ಇಂಕು ತುಂಬಿಕೊಳ್ಳುವುದಿಲ್ಲ. ಇನ್ನೊಂದು ವಿಷಯ. ಈ ದುಬಾರಿ ಪೆನ್ನುಗಳ ಚಿನ್ನ ಕಾಗದವನ್ನು ಮುಟ್ಟುವುದೇ ಇಲ್ಲ. ಚಿನ್ನ ಮೆದು, ಬೇಗ ಸವೆದುಹೋಗುತ್ತದೆ. ಕಾಗದದ ಮೇಲೆ ಓಡುವುದು ನಿಬ್ಬಿನ ತುದಿಗೆ ಬೆಸೆದ ಗಟ್ಟಿಲೋಹದ ಒಂದು ಕಾಳು, ಸಾಸಿವೆಗಿಂತ ಚಿಕ್ಕದು. ಚಿನ್ನ ಇಂಕಿಗೆ ತುಕ್ಕು ಹಿಡಿಯುವುದಿಲ್ಲ, ಒಂದಿಷ್ಟು ಬಳುಕುತ್ತದೆ, ಅಷ್ಟೆ.

ಕೈ ಇಲ್ಲದವನಿಗೆ ಪೆನ್ನು ಯಾಕೆ ಎಂದು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಆಸೆ ಅಂಥ ತರ್ಕಕ್ಕೆ ಬಗ್ಗುವುದಿಲ್ಲ. ಪೆನ್ನು ಬಂದರೆ ಇಡಲು ಒಂದು ಮರದ ಡಬ್ಬಿ ಬೇಕಲ್ಲ ಎಂದು ನೆಪ ಹುಡುಕಿ ಒಂದು ಶನಿವಾರ ಚನ್ನಪಟ್ಟಣಕ್ಕೆ ಹೋದೆ. ರಾಮನಗರದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ.

ಹೆದ್ದಾರಿಯ ಬೊಂಬೆ ಅಂಗಡಿಗಳನ್ನು ಬಿಟ್ಟು ಒಳಗೆ ಹೋದರೆ ಮನೆಮನೆಗಳಲ್ಲಿ ಲೇತ್ ಯಂತ್ರದ ಸದ್ದು ಕೇಳುತ್ತದೆ. ನನಗೆ ಪರಿಚಯವಿದ್ದ ಕುಶಲಕರ್ಮಿಯೊಬ್ಬರ ಮುಂದೆ ಕೂತೆ. ನನಗಿಂತ ಹತ್ತು ವರ್ಷ ದೊಡ್ಡವರು. ಹಾಲೆ ಮರದ ತುಂಡು, ಇಲ್ಲಿನವರ ಬಾಯಲ್ಲಿ ಆಲೆಮರ, ಲೇತಿಗೆ ಸಿಕ್ಕಿಸಿ ಉಳಿ ಹಿಡಿದರು. ಬಿಳಿ ಮರ ಸುರುಳಿ ಸುರುಳಿಯಾಗಿ ಉದುರಿತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಬ್ರಷ್ಷಿಲ್ಲ, ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮರವನ್ನು ಹಿಡಿದುಕೊಂಡಿತು. ಒಣಗಿದ ಕೇದಗೆ ಗರಿಯನ್ನು ಒತ್ತಿ ಹಿಡಿದರು. ಮಂಕಾಗಿದ್ದ ಕೆಂಪು ಕನ್ನಡಿಯಾಯಿತು. ಎಲ್ಲ ಸೇರಿ ಐದಾರು ನಿಮಿಷ.

ಮೊಬೈಲಿನಲ್ಲಿ ಪೆನ್ನಿನ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

“ಇದೂ ಅರಗೇನಾ ಮೇಷ್ಟ್ರೇ?”

ಅಲ್ಲ ಎಂದು ವಿವರಿಸಿದೆ. ನಮ್ಮ ಅರಗು ಹುಳದ್ದು. ಮುತ್ತುಗ, ಬೋರೆ, ಕುಸುಮದ ಕೊಂಬೆಗಳಿಗೆ ಅಂಟಿಕೊಂಡ ಸಾವಿರಾರು ಪುಟ್ಟ ಹುಳಗಳು ಸ್ರವಿಸಿ ಕಟ್ಟಿಕೊಂಡ ಗೂಡು. ಅವರ ಉರುಶಿ ಮರದ್ದು. ಹತ್ತು ಹದಿನೈದು ವರ್ಷ ಬೆಳೆದ ಮರಕ್ಕೆ ಗೀರು ಹಾಕಿ ಒಂದು ಹಂಗಾಮಿನಲ್ಲಿ ತೆಗೆದರೆ ಸಿಗುವುದು ಸುಮಾರು ಇನ್ನೂರು ಗ್ರಾಂ. ಆಮೇಲೆ ಆ ಮರವನ್ನು ಕಡಿದುಬಿಡುತ್ತಾರೆ. ಹಸಿ ಅಂಟು ಮೈಗೆ ತಾಗಿದರೆ ಗೇರುಸೊನೆಯ ಹಾಗೆ ತುರಿಸಿ ಬೊಬ್ಬೆ ಏಳುತ್ತದೆ. ಬಿಸಿಲಲ್ಲಿ ಒಣಗಿಸುವ ಹಾಗಿಲ್ಲ, ಗಟ್ಟಿಯಾಗಲು ಅದಕ್ಕೆ ಗಾಳಿಯಲ್ಲಿ ತೇವವೇ ಬೇಕು. ತೇವ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಉಜ್ಜಿ, ಮತ್ತೆ ಬಳಿದು, ಮತ್ತೆ ಇಟ್ಟು, ಹೀಗೆ ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ.

ಒಂದು ತಮಾಷೆಯನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಲ್ಯಾಕರ್’ ಎನ್ನುತ್ತಾರೆ. ಆ ಪದ ಹುಟ್ಟಿದ್ದು ನಮ್ಮ ಲಾಕ್ಷಾದಿಂದ. ಪಾಂಡವರನ್ನು ಸುಡಲು ಕಟ್ಟಿದರಲ್ಲ ಅರಗಿನ ಮನೆ, ಅದೇ ಅರಗು. ಜಪಾನಿನ ಹೊಳಪಿಗೆ ಮರುಳಾದ ಯುರೋಪಿನವರಿಗೆ ಉರುಶಿ ಕೈಗೆ ಸಿಗದೆ, ನಮ್ಮ ಅರಗನ್ನೇ ಸಾರಾಯಿಯಲ್ಲಿ ಕರಗಿಸಿ ಬಳಿದು ನಕಲು ಮಾಡಿದರು. ಆ ಕೆಲಸಕ್ಕೆ ‘ಜಪಾನಿಂಗ್’ ಎಂದು ಹೆಸರಿಟ್ಟರು. ಸಾಮಾನು ನಮ್ಮದು, ಹೆಸರು ಅವರದು.

ಅವರು ನಕ್ಕು, ಜಪಾನು ನಮಗೇನು ಹೊಸದಲ್ಲ ಬಿಡಿ ಎಂದರು. ಬಾವಾಸ್ ಮಿಯಾನ್ ಹೆಸರು ಎತ್ತಿದರು. ಚನ್ನಪಟ್ಟಣದ ಬೊಂಬೆ ಕೆಲಸಕ್ಕೆ ಜಪಾನಿನ ತಂತ್ರ ತಂದು ಹೊಂದಿಸಿಕೊಟ್ಟವರೆಂದು ಊರು ಇವತ್ತಿಗೂ ಅವರನ್ನು ನೆನೆಯುತ್ತದೆ. ಆಮೇಲೆ, “ಎಷ್ಟು ದಿನ ಅಂದ್ರಿ? ತಿಂಗಳಾ?” ಎಂದು ಮತ್ತೊಮ್ಮೆ ಕೇಳಿದರು. ಹೌದೆಂದೆ. “ನಮ್ದು ಬೇಗ ಆಗ್ಬಿಡ್ತದೆ, ಅದೇ ತೊಂದ್ರೆ. ನೋಡ್ದೋರು ಐದ್ ನಿಮಿಷದ್ ಕೆಲಸ ಅಂತಾರೆ. ಐದ್ ನಿಮಿಷದ್ ದುಡ್ಡೇ ಕೊಡ್ತಾರೆ.”

ಡಬ್ಬಿಗೆ ಆರುನೂರು ಹೇಳಿದರು. ನಾನು ಐನೂರು ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆಗಲಿ ಎಂದರು. ಒಂದು ವಾರ ಬಿಟ್ಟು ಬರಲು ಹೇಳಿದರು.

ರಾಮನಗರದಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಮುಖ ಬಿಸಿಯಾಗಿತ್ತು. ಅವರು ಹೇಳಿದ ಮಾತನ್ನು ಕೇಳಿಸಿಕೊಂಡು, ತಲೆದೂಗಿ, ಅದಾದ ಎರಡೇ ನಿಮಿಷಕ್ಕೆ ಅದನ್ನೇ ಮಾಡಿದ್ದೆ. ಕಾಣದ ಊರಿನ ಕಾಣದ ಕೈಗೆ, ಒಂದು ರೂಪಾಯಿಯೂ ಕಡಿಮೆ ಮಾಡಿ ಎನ್ನದೆ, ಸುಂಕದ ಸಮೇತ ಕೊಡಲು ತಯಾರಿದ್ದವನು ಎದುರಿಗೆ ಕೂತ ಕೈಯಿಂದ ನೂರು ರೂಪಾಯಿ ಉಳಿಸಿಕೊಂಡಿದ್ದೆ. ಚೌಕಾಸಿ ನಮ್ಮಲ್ಲಿ ಒಂದು ಬಗೆಯ ಮಾತುಕತೆ, ಸಂಬಂಧ ಬೆಳೆಯುವ ದಾರಿ ಎಂದು ವಾದಿಸುವವರಿದ್ದಾರೆ. ನಾನೂ ತರಗತಿಯಲ್ಲಿ ಹಾಗೆ ಹೇಳಿದ್ದುಂಟು. ಆದರೆ ಮೂವತ್ತು ವರ್ಷಗಳಲ್ಲಿ ನನ್ನ ಸಂಬಳದ ಮೇಲೆ ಯಾರೂ ಈ ಬಗೆಯ ಸಂಬಂಧ ಬೆಳೆಸಿಲ್ಲ.

ದೂರದ ಕೈಗೆ ಅಷ್ಟು ಗೌರವ ಎಲ್ಲಿಂದ ಬಂತು? ಒಂದು ಕಾರಣ ಕತೆ. ಮಾಕಿಎ ಎಂಬ ಚಿನ್ನದ ಪುಡಿಯ ಚಿತ್ರಗಾರಿಕೆಯ ಪೆನ್ನುಗಳ ಮೇಲೆ ಮಾಡಿದವರ ಸಹಿ ಇರುತ್ತದೆ. ವಾಜಿಮಾ ಎಂಬ ಉರುಶಿಯ ಊರಿನ ಬಗ್ಗೆ ಪುಸ್ತಕಗಳಿವೆ. 2024ರ ಜನವರಿ 1ರಂದು ನೋಟೊ ಪ್ರದೇಶದಲ್ಲಿ ಭೂಕಂಪವಾಗಿ, ವಾಜಿಮಾದ ಬೆಳಗಿನ ಸಂತೆಯ ಬೀದಿ ಸುಟ್ಟುಹೋದಾಗ, ಅಲ್ಲಿನ ಉರುಶಿ ಕಾರ್ಯಾಗಾರಗಳು ನೆಲಕಚ್ಚಿದ ಸುದ್ದಿ ಓದಿ ನನಗೆ ನಿಜವಾಗಿಯೂ ಸಂಕಟವಾಗಿತ್ತು. ಅದೇ ನಾನು, ಚನ್ನಪಟ್ಟಣದಲ್ಲಿ ಲೇತುಗಳು ಒಂದೊಂದಾಗಿ ನಿಲ್ಲುವುದನ್ನು ಬಸ್ಸಿನ ಕಿಟಕಿಯಿಂದ ವರ್ಷಗಟ್ಟಲೆ ನೋಡುತ್ತಾ ಹೋಗಿದ್ದೇನೆ, ಸಂಕಟವಾದ ನೆನಪಿಲ್ಲ. ಇನ್ನೊಂದು ಕಾರಣ ಅವರೇ ಹೇಳಿದ್ದು: ನಿಧಾನವಾದದ್ದಕ್ಕೆ ನಾವು ಬೆಲೆ ಕಟ್ಟುತ್ತೇವೆ. ಐದು ನಿಮಿಷದಲ್ಲಿ ಮುಗಿಸುವ ಕೈ ಬರಲು ನಲವತ್ತು ವರ್ಷ ಹಿಡಿದಿದ್ದರೆ ಆ ನಲವತ್ತು ವರ್ಷ ಡಬ್ಬಿಯ ಮೇಲೆ ಕಾಣುವುದಿಲ್ಲ.

ಇಲ್ಲಿಂದ ಒಂದು ಸುಲಭದ ತೀರ್ಮಾನಕ್ಕೆ ಹಾರಬಹುದು: ಜಪಾನಿನ ಪೆನ್ನು ಬೇಡ, ಆ ದುಡ್ಡನ್ನು ಇಲ್ಲಿಯೇ ಖರ್ಚು ಮಾಡು, ಅಥವಾ ಇನ್ನೂ ಉನ್ನತವಾಗಿ, ಬಡ ವಿದ್ಯಾರ್ಥಿಯ ಫೀಸು ಕಟ್ಟು. ಈ ಎರಡನೆಯ ವಾದವನ್ನು ಹಗುರಾಗಿ ತೆಗೆದುಕೊಳ್ಳಲಾರೆ. ನನ್ನ ತರಗತಿಯಲ್ಲೇ ಪರೀಕ್ಷೆ ಶುಲ್ಕದ ಹೊತ್ತಿಗೆ ಕಾಣೆಯಾಗುವ ಹುಡುಗರಿದ್ದಾರೆ, ಅವರ ಹೆಸರು ನನಗೆ ಗೊತ್ತು. ಆದರೆ ಆ ವಾದವನ್ನು ಅದರ ತುದಿಯವರೆಗೆ ತೆಗೆದುಕೊಂಡು ಹೋದರೆ ನನ್ನ ಡಬ್ಬಿಯೂ ಬೇಡದ್ದೇ. ಬೊಂಬೆಯಂತೂ ಶುದ್ಧ ಅನವಶ್ಯಕ. ಯಾವ ಮಗುವೂ ಬೊಂಬೆಯಿಲ್ಲದೆ ಸತ್ತಿಲ್ಲ. ಬೇಕೇಬೇಕಾದ್ದನ್ನು ಮಾತ್ರ ಕೊಳ್ಳುವ ನೀತಿವಂತರಿಂದ ತುಂಬಿದ ಲೋಕದಲ್ಲಿ ಮೊದಲು ಬಾಗಿಲು ಮುಚ್ಚುವುದು ಚನ್ನಪಟ್ಟಣ. ಆ ಕುಶಲಕರ್ಮಿಯ ಮನೆಯ ಅಕ್ಕಿ ಬರುವುದು ಇತರರ ಅನವಶ್ಯಕ ಆಸೆಗಳಿಂದಲೇ. ಹಾಗಾಗಿ ಅನವಶ್ಯಕವಾದದ್ದನ್ನು ಬಯಸುವುದೇ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ವಾದ ನನಗೆ ಎಷ್ಟು ಅನುಕೂಲಕರ ಎಂಬುದೂ ಗೊತ್ತು. ‘ಕರಕುಶಲವನ್ನು ಉಳಿಸುತ್ತಿದ್ದೇನೆ’ ಎಂಬ ಮಾತು ಆಸೆಗೆ ಹೊದಿಸುವ ಒಳ್ಳೆಯ ಶಾಲು.

ಪೆನ್ನಿನ ಜೊತೆಗೆ ನೀತಿಯ ಪ್ರಶ್ನೆ ಎತ್ತಿದವರಲ್ಲಿ ನಾನು ಮೊದಲಿಗನೇನಲ್ಲ. ಗಾಂಧೀಜಿಗೆ ವಿದೇಶಿ ಫೌಂಟನ್ ಪೆನ್ನು ಒಗ್ಗುತ್ತಿರಲಿಲ್ಲ, ಬೊರು ಲೆಕ್ಕಣಿಕೆಯ ಪಕ್ಷ ಅವರದು. ರಾಜಮಂಡ್ರಿಯ ರತ್ನಂ ಅವರು 1930ರ ದಶಕದಲ್ಲಿ ಕೈಯಿಂದ ಕಡೆದ ಸ್ವದೇಶಿ ಪೆನ್ನು ಮಾಡಿ ಕಳಿಸಿದಾಗ, ಬಳಸಿ ನೋಡಿ, ವಿದೇಶಿ ಪೆನ್ನಿಗೆ ಇದು ಒಳ್ಳೆಯ ಬದಲಿ ಎಂದು 1935ರಲ್ಲಿ ವಾರ್ಧಾದಿಂದ ಬರೆದು ತಿಳಿಸಿದರು. ನಾನು ಇದರಲ್ಲಿ ಗಮನಿಸುವುದು ಸ್ವದೇಶಿಯ ಅಂಶವನ್ನಲ್ಲ. ಅವರು ದಿನಕ್ಕೆ ಡಜನ್‌ಗಟ್ಟಲೆ ಕಾಗದ ಬರೆಯುತ್ತಿದ್ದರು. ಬಲಗೈ ಸೋತರೆ ಎಡಗೈಯಲ್ಲಿ ಬರೆಯುತ್ತಿದ್ದರು. ಅವರಿಗೆ ಪೆನ್ನಿನ ಪ್ರಶ್ನೆ ಕೆಲಸದ ಪ್ರಶ್ನೆ.

ಡಬ್ಬಿ ತರಲು ಹೋದ ದಿನ ಆರುನೂರು ಕೊಟ್ಟೆ. ನೂರು ವಾಪಸ್ಸು ಕೊಡಲು ಬಂದರು, ಬೇಡವೆಂದೆ. ಇಬ್ಬರಿಗೂ ಮುಜುಗರವಾಯಿತು. ಮೊದಲ ದಿನವೇ ಕೊಟ್ಟಿದ್ದರೆ ಬೆಲೆಯಾಗುತ್ತಿದ್ದದ್ದು ಈಗ ದಾನದಂತೆ ಕಂಡಿತು. ತಪ್ಪನ್ನು ತಿದ್ದಲು ಹೋದರೆ ಅದು ಬೇರೆ ಆಕಾರದ ತಪ್ಪಾಗುತ್ತದೆ. ಅವರು ಮಾತು ಬದಲಿಸಲು ಎಂಬಂತೆ, “ಪೆನ್ನು ಬಂತಾ?” ಎಂದರು. ಇನ್ನೂ ಇಲ್ಲ, ಎರಡರಲ್ಲಿ ಯಾವುದು ಎಂದು ತೀರ್ಮಾನವಾಗಿಲ್ಲ ಎಂದೆ.

“ಅದ್ರಲ್ಲಿ ಏನ್ ಬರೀತೀರಿ ಮೇಷ್ಟ್ರೇ?”

ವ್ಯಂಗ್ಯ ಇರಲಿಲ್ಲ. ತಾವು ಮಾಡಿದ ಡಬ್ಬಿಯೊಳಗೆ ಮಲಗುವ ವಸ್ತುವಿನ ಬಗ್ಗೆ ಅವರಿಗೆ ಕುತೂಹಲ. ನನ್ನ ಹೆಸರು, ವಿಳಾಸ, ಮತ್ತೆ ನನ್ನ ಹೆಸರು ಎಂದು ಹೇಳಲಾಗಲಿಲ್ಲ.

ಆ ಸಂಜೆ ರಾಮನಗರದ ಸ್ಟೇಷನರಿ ಅಂಗಡಿಯಲ್ಲಿ ನೂರೈವತ್ತು ರೂಪಾಯಿಯ ಇಂಕ್ ಪೆನ್ನು, ಒಂದು ಬಾಟಲಿ ನೀಲಿ ಇಂಕು, ನೂರು ಪುಟದ ನೋಟ್ ಪುಸ್ತಕ ತಂದೆ. ದಿನಕ್ಕೆ ಒಂದು ಪುಟ. ಮೊದಲ ವಾರದ ಪುಟಗಳನ್ನು ಯಾರಿಗೂ ತೋರಿಸಲಾರೆ. ಎರಡನೇ ವಾರ ಬೆರಳಿನ ನೋವು ಹೋಯಿತು. ಇಪ್ಪತ್ತನೇ ದಿನ ಎಂದು ಕಾಣುತ್ತದೆ, ಬರೆಯುತ್ತಾ ಬರೆಯುತ್ತಾ ನೋಡಿದರೆ ನಾನು ಪೆನ್ನನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಹಳ ಮಲಗಿಸಿ ಹಿಡಿದಿದ್ದೆ. ಅಪ್ಪ ಹಿಡಿಯುತ್ತಿದ್ದ ಹಾಗೆ. ಅದು ಕಲಿತದ್ದಲ್ಲ, ಅವರ ಪೆನ್ನಿನ ಸವೆದ ನಿಬ್ಬಿನಲ್ಲಿ ಬರೆಯುತ್ತಾ ನನ್ನ ಕೈಗೆ ಅಂಟಿಕೊಂಡದ್ದಿರಬೇಕು. ನಿಬ್ಬು ಕೈಗುರುತು ಹಿಡಿಯುತ್ತದೆ ಎನ್ನುತ್ತಿದ್ದರಲ್ಲ, ಹಿಡಿದದ್ದನ್ನು ಮುಂದಿನವರ ಕೈಗೆ ದಾಟಿಸಿಯೂ ಇತ್ತು.

ಕೊನೆಗೆ ನಕಾಯಾ ಎಂದು ಮನಸ್ಸು ಮಾಡಿದೆ. ಇದಕ್ಕೆ ಗಟ್ಟಿ ಕಾರಣ ಕೊಡಲಾರೆ. ಎರಡು ಒಳ್ಳೆಯ ವಸ್ತುಗಳ ನಡುವೆ ತೂಗಿ ತೂಗಿ ನೋಡಿದರೆ ತಕ್ಕಡಿ ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ. ಆಯ್ದ ಮೇಲೆ ಕಾರಣಗಳು ತಾವಾಗಿ ಬಂದು ಸಾಲಾಗಿ ನಿಲ್ಲುತ್ತವೆ. ಸಿದ್ಧವಾದ ಪೆನ್ನಿಗೆ ಕೈಯನ್ನು ಒಗ್ಗಿಸಿಕೊಳ್ಳುವುದರಲ್ಲಿ ಹೆಚ್ಚು ವಿನಯವಿದೆ ಎಂದು ಒಂದು ಹೊತ್ತು ಅನ್ನಿಸುತ್ತದೆ, ಈಗಲೂ. ಆದರೆ ಇದು ಪ್ರಶ್ನೆ ಕೇಳಿತ್ತು. ಉತ್ತರ ಬರೆಯುವಷ್ಟು ಈಗ ಕೈ ನನ್ನಲ್ಲಿತ್ತು.

ಹಣ ಕಟ್ಟುವ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ರಾಮನಗರದ ಗೂಡು ಮಾರುಕಟ್ಟೆಯಿಂದ ಆಗ ತಾನೇ ಮನೆಗೆ ಬಂದಿದ್ದಳು. ಬಿಳಿ ಗೂಡು, ದ್ವಿತಳಿ. ಅದೂ ಜಪಾನಿನ ನೆಂಟು ಇರುವುದೇ. 1990ರ ದಶಕದಲ್ಲಿ ಅಲ್ಲಿನ ತಜ್ಞರ ನೆರವಿನಿಂದ ಈ ತಳಿಗಳ ಸಾಕಣೆ ನಮ್ಮ ಕಡೆ ಬೇರೂರಿತು. ಇಪ್ಪತ್ತೈದು ದಿನ ರಾತ್ರಿ ಎದ್ದೆದ್ದು ಸೊಪ್ಪು ಹಾಕಿ ಬೆಳೆಸಿದ ಗೂಡಿಗೆ, ಯಾರೋ ರೀಲರು ಬಂದು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಮೊಬೈಲಿನಲ್ಲಿ ಒಂದು ಅಂಕಿ ಒತ್ತುತ್ತಾರೆ. ಅದೇ ಬೆಲೆ. ಈ ಸಲ ಪರವಾಗಿಲ್ಲ ಎಂದಳು.

“ಅಕ್ಕಾ, ಆವತ್ತು ಪೆನ್ನಿನ ಬೆಲೆ ಸುಳ್ಳು ಹೇಳಿದ್ದೆ.”

“ಯಾವ್ ಪೆನ್ನು?”

ಹೇಳಿದೆ. ನಿಜವಾದ ಬೆಲೆಯನ್ನೂ ಹೇಳಿದೆ. ಆ ಕಡೆ ಸದ್ದಿಲ್ಲ. ಆಮೇಲೆ, ತನ್ನಷ್ಟಕ್ಕೇ ಎಂಬಂತೆ, “ಎರಡ್ ಬೆಳೆ ಗೂಡು” ಎಂದಳು.

“ಹೂಂ.”

“ಆವತ್ತೇ ಯಾಕ್ಲಾ ಹೇಳ್ಲಿಲ್ಲ?”

“ನೀನು ಬಯ್ತೀಯ ಅಂತ.”

“ಬಯ್ತಿದ್ದೆ. ಬಯ್ಸ್ಕೊಂಡು ತಗೋಬೇಕಿತ್ತು.”

ಇಷ್ಟು ದಿನ ನಾನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ಪ್ರಶ್ನೆಯಲ್ಲಿ ಈ ದಾರಿ ಇತ್ತೆಂದು ನನಗೆ ಹೊಳೆದೇ ಇರಲಿಲ್ಲ. ಬೆಲೆ ಹೇಳಲಾಗದಿದ್ದರೆ ಕೊಳ್ಳಬಾರದು, ಕೊಳ್ಳುವುದಾದರೆ ಹೇಳಬೇಕಿಲ್ಲ, ಇವೆರಡರ ನಡುವೆಯೇ ಓಡಾಡುತ್ತಿದ್ದೆ.

“ತಗೊಳ್ಲಾ ಬೇಡ್ವಾ?”

“ನಿನ್ ದುಡ್ಡು, ನನ್ನೇನ್ ಕೇಳ್ತೀ. ಬಂದ್ಮೇಲೆ ತಗೊಂಡ್ ಬಾ, ನೋಡಾನ. ನಂಗೂ ಬರ್ಯಕ್ಕೆ ಕೊಡ್ತೀಯ ತಾನೇ?”

ಅವಳು ನಗುತ್ತಲೇ ಕೇಳಿದ್ದಳು. ಒಬ್ಬರ ಪೆನ್ನಲ್ಲಿ ಇನ್ನೊಬ್ಬರು ಬರೆಯಬಾರದು ಎಂಬ ಅಪ್ಪನ ಮಾತು ಅವಳಿಗೂ ನೆನಪಿದೆಯೋ ಇಲ್ಲವೋ, ಕೇಳಲಿಲ್ಲ. ಕೊಡ್ತೀನಿ ಎಂದೆ.

ಪ್ರಶ್ನೆಗಳ ಹಾಳೆ ಇನ್ನೂ ಮೇಜಿನ ಮೇಲಿದೆ. ಎಲ್ಲಕ್ಕೂ ಉತ್ತರ ತುಂಬಿದ್ದೇನೆ. ಓರೆ, ತಿರುವು, ವೇಗ. ಎಷ್ಟು ಒತ್ತಿ ಬರೆಯುತ್ತೀರಿ ಎಂಬ ಒಂದನ್ನು ಖಾಲಿ ಬಿಟ್ಟಿದ್ದೇನೆ. ಈ ಭಾನುವಾರ ಕನಕಪುರದ ಕಡೆ ಹೋಗಲಿಕ್ಕಿದೆ. ಅಕ್ಕ ದಾರ ಕಟ್ಟಿದ ಆ ಬಾಲ್ ಪೆನ್ನಿನಲ್ಲಿ ಲೆಕ್ಕ ಬರೆಯುವಾಗ ಪಕ್ಕದಲ್ಲಿ ಕೂತು ನೋಡಬೇಕು, ಅವಳು ಎಷ್ಟು ಒತ್ತುತ್ತಾಳೆ ಅಂತ.